ಜೋಡಿ ತಪ್ಪಿದ ಚೀಟಿಗಳು

ಚಪ್ಪಲಿ ಅಂಗಡಿ ಇಟ್ಟು ಮೂವತ್ತು ವರ್ಷವಾಯಿತು. ಬಾಗಿಲೊಳಗೆ ಬಂದವರ ಮುಖ ನೋಡುವ ಮೊದಲು ನಾನು ಪಾದ ನೋಡುತ್ತೇನೆ. ಅಳತೆ, ನಡಿಗೆ, ಜೇಬಿನ ಆಳ ಎಲ್ಲವೂ ಅಲ್ಲಿಯೇ ತಿಳಿದುಹೋಗುತ್ತದೆ. ಅದೇ ಕಣ್ಣಿನಿಂದ ನನ್ನ ಹೆಂಡತಿಯನ್ನು ನೋಡಿದರೆ: ಅಳತೆ ಐದು, ಹೊಲಿಗೆ ಬಿಗಿ, ಅಟ್ಟೆ ಗಟ್ಟಿ, ಬಿಸಿಲಿಗೂ ನೀರಿಗೂ ಬಣ್ಣ ಬಿಡದ ಮಾಲು. ದೋಷ ಒಂದೇ. ನಿಗದಿತ ಬೆಲೆ, ಚೌಕಾಶಿಗೆ ಜಗ್ಗುವುದಿಲ್ಲ. (ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ ಎಂದು ಮಾವನವರು ಬೋರ್ಡು ಹಾಕದೆಯೇ ಮದುವೆಯ ದಿನವೇ ತಿಳಿಸಿದ್ದರು.) ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾಳೆ. ನಾನು "ಬಹಳ ಜನ ಹೇಳ್ತಾರೆ" ಎಂದರೆ ಸಾಕು, "ಎಷ್ಟು ಜನ? ಯಾರನ್ನ ಕೇಳಿದ್ರಿ?" ಎಂದು ಶುರು ಮಾಡುತ್ತಾಳೆ.

ಇವಳಿಗೊಬ್ಬ ತಮ್ಮ. ಒಳ್ಳೆಯವನು, ಆದರೆ ಕೈಹಾಕಿದ ಕಸುಬೆಲ್ಲ ಕೈಕೊಟ್ಟಿದೆ. ಮೇಣದಬತ್ತಿ ಮಾಡಿದ, ಕೈ ಸುಟ್ಟುಕೊಂಡ. ಸೋಪು ಮಾಡಿದ, ಕೈ ತೊಳೆದುಕೊಂಡ. ಈಗ ಒಂದು ಶೆಡ್ಡಿನಲ್ಲಿ ಎರಡು ಹೊಲಿಗೆ ಯಂತ್ರ, ಇಬ್ಬರು ಹೆಣ್ಣಾಳುಗಳನ್ನು ಇಟ್ಟುಕೊಂಡು ಮನೆಯೊಳಗೆ ಹಾಕುವ ಮೆತ್ತನೆಯ ಚಪ್ಪಲಿ ಹೊಲಿಸುತ್ತಿದ್ದಾನೆ. ನಮ್ಮ ಅಂಗಡಿಯ ಆರ್ಡರು ಸಿಕ್ಕರೆ ಯಂತ್ರ ತಿರುಗುತ್ತದೆ, ಇಲ್ಲದಿದ್ದರೆ ಈ ತಿಂಗಳ ಕೊನೆಗೆ ಶೆಡ್ಡಿಗೆ ಬೀಗ. ಅದೇ ಹೊತ್ತಿಗೆ ಒಂದು ದೊಡ್ಡ ಕಂಪನಿಯ ಏಜೆಂಟನೂ ಅಂಥದ್ದೇ ಚಪ್ಪಲಿ ಹಿಡಿದು ಬಂದ. ಅವನ ಮಾಲು ಇಟ್ಟರೆ ಅಂಗಡಿಯ ಮುಂದೆ ದೀಪ ಮಿನುಗುವ ಬೋರ್ಡು ಉಚಿತ, ಅದರಲ್ಲಿ ನನ್ನ ಹೆಸರು ಮೊಳ ಎತ್ತರ! ನನ್ನಲ್ಲಿ ಖಾಲಿ ಇದ್ದದ್ದು ಒಂದೇ ಶೆಲ್ಫು.

ಬಾಮೈದನಿಗೆ ಇಲ್ಲ ಎಂದರೆ ಮನೆಯಲ್ಲಿ ಊಟಕ್ಕೆ ಉಪ್ಪಿರುವುದಿಲ್ಲ. ಹೂಂ ಎಂದರೆ ಬೋರ್ಡು ಹೋಯಿತು. ಆಗ ನನಗೆ ಹೊಳೆಯಿತು ನೋಡಿ, ಗಿರಾಕಿಗಳೇ ತೀರ್ಪು ಕೊಡಲಿ! ಖಾಯಂ ಗಿರಾಕಿಗಳಲ್ಲಿ ನಲವತ್ತು ಜನರನ್ನು ಆರಿಸಿ, ಒಂದು ವಾರ ಇದನ್ನು, ಒಂದು ವಾರ ಅದನ್ನು ಹಾಕಿಕೊಳ್ಳಲು ಕೊಟ್ಟೆ. ಒಬ್ಬೊಬ್ಬರಿಗೆ ಒಂದೊಂದು ಚೀಟಿ. ಎಡಗಡೆ ಕಾಲಿನ ಅಳತೆ ಮತ್ತು ಬಾಮೈದನ ಚಪ್ಪಲಿಗೆ ಐದರಲ್ಲಿ ಎಷ್ಟು ಅಂಕ ಎಂದು. ಬಲಗಡೆ ಕಂಪನಿಯದಕ್ಕೆ ಎಷ್ಟು ಎಂದು. ಚೀಟಿಗಳು ವಾಪಸಾದ ಮೇಲೆ, ಎರಡು ಮಾಲು ಬೆರಕೆಯಾಗಬಾರದೆಂಬ ವ್ಯಾಪಾರಿಯ ಶಿಸ್ತಿನಿಂದ, ಪ್ರತಿ ಚೀಟಿಯನ್ನೂ ನಡುವೆ ಕತ್ತರಿಸಿ ಎರಡು ಷೂ ಡಬ್ಬಿಗಳಿಗೆ ತುಂಬಿದೆ. ಸರಾಸರಿ ತೆಗೆದೆ. ಕಂಪನಿಗೆ ಹತ್ತಿರ ಹತ್ತಿರ ನಾಲ್ಕು. ಬಾಮೈದನಿಗೆ ಮೂರು ಮುಕ್ಕಾಲಿಗೂ ಒಂದು ಕೂದಲು ಕಡಿಮೆ.

ಶನಿವಾರ ಮಧ್ಯಾಹ್ನ ಡಬ್ಬಿಗಳನ್ನು ಊಟದ ಮೇಜಿನ ಮೇಲಿಟ್ಟು ಗಂಭೀರವಾಗಿ ಸಾರಿದೆ: "ಪ್ರಜೆಗಳು ಮಾತಾಡಿದ್ದಾರೆ ಕಣೇ. ಕಂಪನಿಯದೇ ಮೇಲು."

"ಎಷ್ಟು ಮೇಲು?"

"ಕಾಲು ಅಂಕ."

"ಕಾಲು ಅಂಕ ಸುಮ್ಮನೆ ಹಾಗೇ ಬಿದ್ದಿರಬಹುದಲ್ಲ. ಪರೀಕ್ಷೆ ಮಾಡದೆ ಮೇಲು ಕೀಳು ಅಂತ ಹೇಗೆ ಹೇಳ್ತೀರಿ?"

"ಸರಿ, ಮಾಡು. ಯಾವ ಯಾವ ಥರದ ಪರೀಕ್ಷೆ ಇದೆ? ಎರಡು ಮೂರು ತೋರಿಸು, ಒಪ್ಪಿದ್ದನ್ನ ಇಟ್ಕೊಳ್ಳೋಣ."

ಅವಳು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. "ರೀ, ಇದು ಚಪ್ಪಲಿ ಅಲ್ಲ, ಹತ್ತು ಜೊತೆ ಹಾಕಿ ನೋಡಿ ಹಿತವಾದದ್ದು ಆರಿಸೋಕೆ. ಉತ್ತರ ನೋಡೋಕೆ ಮುಂಚೆನೇ ಪರೀಕ್ಷೆ ಗೊತ್ತು ಮಾಡ್ಕೋಬೇಕು. ಮಾಲು ಯಾವ ಕಡೆ ತೂಗುತ್ತೆ ಅಂತ ನೋಡ್ಕೊಂಡು ಆಮೇಲೆ ತಕ್ಕಡಿ ಆರಿಸೋನನ್ನ ನಿಮ್ಮ ಬಜಾರಲ್ಲಿ ಏನಂತ ಕರೀತಾರೆ?"

ಏನೆಂದು ಕರೆಯುತ್ತಾರೆಂದು ನನಗೆ ಗೊತ್ತಿತ್ತು.

"ಸರಾಸರಿ ಹೋಲಿಸೋಕೆ ಟಿ-ಪರೀಕ್ಷೆ ಅಂತ ಒಂದಿದೆ," ಎಂದಳು. (ಕುಡಿಯುವಂಥದ್ದಲ್ಲ.) "ಆದ್ರೆ ನಿಮ್ಮ ಅಂಕ ಟೇಪು ಹಿಡಿದು ಅಳೆದದ್ದಲ್ಲ. ನಾಲ್ಕು ಕೊಟ್ಟವರಿಗೆ ಎರಡು ಕೊಟ್ಟವರ ಎರಡರಷ್ಟು ಹಿತ ಆಯ್ತು ಅಂತ ಅರ್ಥವಾ? ಇಲ್ಲ. ಎರಡನೇದು, ಎರಡಕ್ಕೂ ಅಂಕ ಕೊಟ್ಟಿರೋದು ಅದೇ ಜನ. ಧಾರಾಳಿ ಎರಡಕ್ಕೂ ಜಾಸ್ತಿ ಕೊಡ್ತಾನೆ, ಜುಗ್ಗ ಎರಡಕ್ಕೂ ಕಡಿಮೆ ಕೊಡ್ತಾನೆ. ಅದಕ್ಕೆ ಒಬ್ಬೊಬ್ಬರದೂ ವ್ಯತ್ಯಾಸ ತೆಗೀಬೇಕು. ಚಿಕ್ಕ ವ್ಯತ್ಯಾಸದಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ, ಸಾಲಲ್ಲಿ ಎಷ್ಟನೇದು ಅಂತ ಸ್ಥಾನ ಕೊಟ್ಟು, ಯಾವ ಚಪ್ಪಲಿ ಕಡೆ ಸ್ಥಾನಗಳ ಮೊತ್ತ ಜಾಸ್ತಿ ಅಂತ ನೋಡಬೇಕು. ವಿಲ್ಕಾಕ್ಸನ್ ಪರೀಕ್ಷೆ."

ಹೆಸರು ಕೇಳಿ ನಾನು ವಿಲಾಯಿತಿ ಬೂಟಿನ ಬ್ರಾಂಡು ಎಂದುಕೊಂಡೆ. ಅವಳು ಆ ಹೆಸರನ್ನು ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ತಾನೂ ಸಹಿ ಮಾಡಿ ನನ್ನಿಂದಲೂ ಮಾಡಿಸಿದಳು. ನಾನು ಸಹಿ ಮಾಡಿದೆನಾದರೂ ಒಳಗೊಳಗೆ ನಕ್ಕೆ. ಯಾವ ಅಕ್ಕ ತಮ್ಮನನ್ನು ಬಿಟ್ಟುಕೊಡುತ್ತಾಳೆ? ಇಷ್ಟು ಉದ್ದದ ಪರೀಕ್ಷೆ ಆರಿಸಿದ್ದಾಳೆಂದರೆ ಅದರ ಯಾವುದೋ ಮೂಲೆಯಲ್ಲಿ ತಮ್ಮನನ್ನು ಕೂರಿಸಿಕೊಂಡಿದ್ದಾಳೆ. ಹಾಳೆಯ ಜೆರಾಕ್ಸ್ ಮಾಡಿಸಿ ಗಲ್ಲಾಪೆಟ್ಟಿಗೆಯಲ್ಲಿಟ್ಟೆ.

ಆಮೇಲೆ ಅವಳು ಡಬ್ಬಿಗಳ ಮುಚ್ಚಳ ತೆಗೆದಳು. ಎರಡರಲ್ಲೂ ಬೆರಳಾಡಿಸಿ ಏನೋ ಎಣಿಸಿದಳು. ಹುಬ್ಬು ಗಂಟಾಯಿತು.

"ಚೀಟಿ ಕತ್ತರಿಸಿದವರು ಯಾರು?"

"ನಾನೇ. ಅಚ್ಚುಕಟ್ಟಾಗಿ..."

"ಎಡಗಾಲಿನ ಚಪ್ಪಲಿ ಎಲ್ಲಾ ಒಂದು ಮೂಟೆ, ಬಲಗಾಲಿಂದೆಲ್ಲಾ ಇನ್ನೊಂದು ಮೂಟೆ ಮಾಡಿಟ್ಟು, ಅಚ್ಚುಕಟ್ಟಾಗಿದೆ ಅಂತ ಗಿರಾಕಿಗೆ ತೋರಿಸ್ತೀರಾ? ಯಾರು ಯಾವುದಕ್ಕೆ ಎಷ್ಟು ಕೊಟ್ರು ಅಂತ ಈಗ ಹೇಗೆ ಗೊತ್ತಾಗಬೇಕು?"

ಮೂವತ್ತು ವರ್ಷ ಜೋಡಿ ಮಾರಿ ಬದುಕಿದವನಿಗೆ ಇದಕ್ಕಿಂತ ದೊಡ್ಡ ಮಂಗಳಾರತಿ ಬೇಕೇ? "ಜೋಡಿ ಮಾಡೋದು ನಿಮ್ಮ ಕಸುಬು ತಾನೆ. ನಾಳೆ ಅಂಗಡಿಗೆ ರಜೆ. ಕೂತ್ಕೊಂಡು ಮಾಡಿ. ನಾನು ಒಂದು ಚೀಟಿನೂ ಮುಟ್ಟಲ್ಲ," ಎಂದಳು.

ಭಾನುವಾರ ಬೆಳಿಗ್ಗೆಯಿಂದ ನಾನು ನಡುಮನೆಯ ನೆಲದಲ್ಲಿ ಪದ್ಮಾಸನ. ಡೊಂಕುಡೊಂಕಾಗಿ ಕತ್ತರಿಸಿದ್ದೇ ನನ್ನ ಪುಣ್ಯ. ಈ ಅಂಚಿನ ಉಬ್ಬು ಆ ಅಂಚಿನ ತಗ್ಗಿಗೆ ಕೂರುತ್ತಿತ್ತು. ಹಸಿರು ಶಾಯಿಗೆ ಹಸಿರು ಶಾಯಿ, ಡಾಕ್ಟರರ ಬರಹಕ್ಕೆ ಡಾಕ್ಟರರ ಬರಹ, ಎಣ್ಣೆಯ ಕಲೆಗೆ ಎಣ್ಣೆಯ ಕಲೆ. ಫ್ಯಾನು ಹಾಕುವಂತಿಲ್ಲ, ಕೆಮ್ಮುವಂತಿಲ್ಲ. ಹನ್ನೊಂದರ ಹೊತ್ತಿಗೆ ನಲವತ್ತೂ ಜೋಡಿ ಸಿದ್ಧ. ಆದರೆ ಕಂಪನಿಯ ಡಬ್ಬಿಯ ತಳದಲ್ಲಿ ಇನ್ನೆರಡು ಚೀಟಿ ಉಳಿದಿದ್ದವು. ಎರಡರಲ್ಲೂ ಐದಕ್ಕೆ ಐದು. ಎಡಭಾಗವೇ ಇಲ್ಲ.

ಒಂದು ಸಂಗತಿಯನ್ನು ನಿಮಗೆ ಹೇಳಲು ಮರೆತಿದ್ದೆ. ಅವೆರಡನ್ನು ಹಾಕಿದವನು ನಾನೇ. ದೊಡ್ಡ ಅನ್ಯಾಯವೇನಲ್ಲ, ಆ ಬೋರ್ಡಿನ ಬೆಳಕಿನಲ್ಲಿ ಕಣ್ಣು ಸ್ವಲ್ಪ ಕತ್ತಲೆಗಟ್ಟಿತ್ತು, ಅಷ್ಟೆ. ನಾನು ಮೆಲ್ಲಗೆ ಆ ಎರಡು ಚೀಟಿಗಳನ್ನು ಮಂಡಿಯ ಕೆಳಗೆ ಸರಿಸಿದೆ.

"ಮಂಡಿ ಎತ್ತಿ," ಎಂದಳು ಹಿಂದಿನಿಂದ.

ಎತ್ತಿದೆ.

"ನಿನ್ನೆ ಡಬ್ಬಿ ತೆಗೆದಾಗಲೇ ಎಣಿಸಿದ್ದೆ. ಒಂದರಲ್ಲಿ ನಲವತ್ತು, ಒಂದರಲ್ಲಿ ನಲವತ್ತೆರಡು. ಐದು ಬರೆದು ಬಾಲ ಎಳೆಯೋರು ಈ ಮನೇಲಿ ಒಬ್ಬರೇ." ಕೂಗಾಡಲಿಲ್ಲ. ಎರಡು ಚೀಟಿಗಳನ್ನೂ ತನ್ನ ಪುಸ್ತಕದೊಳಗೆ ಇಟ್ಟುಕೊಂಡು ಲೆಕ್ಕ ಮಾಡಲು ಕೂತಳು. ಕೂಗಾಡಿದ್ದರೆ ನನಗೆ ಎಷ್ಟೋ ಹಾಯೆನಿಸುತ್ತಿತ್ತು.

ಲೆಕ್ಕ ಮುಗಿಯುವ ಹೊತ್ತಿಗೆ ಬಾಮೈದ ಬಂದ. ಮೂರು ದಿನದಿಂದ ನಿದ್ದೆ ಮಾಡದ ಮುಖ. ಬಂದವನೇ ನೆಲದ ಮೇಲಿನ ಜೋಡಿಗಳನ್ನು ಬೆರಳಿಟ್ಟು ಎಣಿಸತೊಡಗಿದ.

"ಅಕ್ಕಾ! ಎಂಟು ಜನ ಎರಡಕ್ಕೂ ಒಂದೇ ಅಂಕ ಕೊಟ್ಟಿದ್ದಾರೆ. ಎಂಟು ಜನ ಕಂಪನಿಗೆ ಜಾಸ್ತಿ. ಉಳಿದ ಇಪ್ಪತ್ತನಾಲ್ಕು ಜನ ನಂದಕ್ಕೇ ಜಾಸ್ತಿ ಕೊಟ್ಟಿದ್ದಾರೆ! ಗೆದ್ದೆ ಭಾವ, ಗೆದ್ದೆ!"

ಇದೋ ಬಂತು ಎಂದುಕೊಂಡೆ. ಅಕ್ಕ ತಮ್ಮನನ್ನು ಕೂರಿಸಿಕೊಂಡ ಮೂಲೆ ಈಗ ಹೊರಬೀಳುತ್ತದೆ.

"ಗೆದ್ದಿಲ್ಲ ಕಣೋ," ಎಂದಳು ಅವಳು. "ಆ ಇಪ್ಪತ್ತನಾಲ್ಕು ಜನ ನಿನಗೆ ಕೊಟ್ಟಿರೋದು ಒಂದೊಂದೇ ಅಂಕ ಜಾಸ್ತಿ. ಈ ಎಂಟು ಜನ ಕಂಪನಿಗೆ ನಾಲ್ಕು ನಾಲ್ಕು ಅಂಕ ಜಾಸ್ತಿ ಕೊಟ್ಟಿದ್ದಾರೆ. ಸಮ ಕೊಟ್ಟವರನ್ನ ಬಿಟ್ಟು ಸ್ಥಾನ ಕೂಡಿದ್ರೆ ನಿಂದು ಮುನ್ನೂರು, ಅವರದು ಇನ್ನೂರ ಇಪ್ಪತ್ತೆಂಟು. ಎರಡೂ ಸಮಾನವಾಗಿದ್ರೂ ಇಷ್ಟು ಏರುಪೇರು ಎರಡು ಸಲಕ್ಕೊಂದು ಸಲ ಬಂದೇ ಬರುತ್ತೆ. ಇವರದೇ ಮೇಲು, ನಿಂದೇ ಮೇಲು ಅಂತ ಹೇಳೋಕೆ ಆಧಾರ ಇಲ್ಲ."

"ಬರೀ ತಲೆ ಎಣಿಸೋದೂ ಒಂದು ಪರೀಕ್ಷೆ ಅಂತ ಹಿಂದೊಮ್ಮೆ ನೀನೇ ಹೇಳಿದ್ದೆಯಲ್ಲ ಅಕ್ಕ! ಅದರಲ್ಲಿ?"

"ಅದರಲ್ಲಿ ನೀನು ಗೆಲ್ತೀಯ. ಚೆನ್ನಾಗೇ ಗೆಲ್ತೀಯ."

"ಮತ್ತೆ?"

"ಅದನ್ನ ನಾವು ಆರಿಸಿರಲಿಲ್ಲ."

ಅವನ ಮುಖ ನೋಡಲಾಗಲಿಲ್ಲ. ಅವಳೂ ನೋಡಲಿಲ್ಲ, ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು, ಹಾಕಿ ತೆಗೆದು ಮಾಡುತ್ತಿದ್ದಳು. ಆಗ ನನ್ನ ಬಾಯಿಂದಲೇ ಮಾತು ಹೊರಟಿತು: "ಲೇ, ನಿನ್ನ ತಮ್ಮ ಕಣೇ ಅವನು. ಆ ಪರೀಕ್ಷೆನೇ ಇಟ್ಕೋ, ನಾನೇನೂ ಅನ್ನಲ್ಲ."

"ನೀವು ಅನ್ನದೇ ಇರಬಹುದು ರೀ. ನಾನು ಅಂದ್ಕೋತೀನಲ್ಲ."

ಅವಳು ಪೆನ್ನು ಕೆಳಗಿಟ್ಟು, ಕಂಪನಿಗೆ ಜಾಸ್ತಿ ಕೊಟ್ಟಿದ್ದ ಎಂಟು ಜೋಡಿಗಳನ್ನು ನನ್ನ ಕಡೆ ತಳ್ಳಿದಳು. "ಇದರಲ್ಲಿ ನಿಮ್ಮ ಕಣ್ಣಿಗೆ ಏನಾದ್ರೂ ಕಾಣುತ್ತಾ ನೋಡಿ."

ಕಂಡಿತು. ಎಂಟೂ ಅಳತೆ ಹತ್ತು. ಬಾಮೈದನ ಕಾಲಿನಲ್ಲಿದ್ದ ಅವನದೇ ಮಾಲಿನ ಚಪ್ಪಲಿ ಬಿಚ್ಚಿಸಿ ಪಟ್ಟಿಯನ್ನು ಬೆರಳಿನಿಂದ ಅಳೆದೆ. "ಎಲ್ಲಾ ಅಳತೆಗೂ ಪಟ್ಟಿ ಒಂದೇ ಉದ್ದ ಇಟ್ಟಿದ್ದೀಯೇನೋ?"

"ಒಂದೇ ಅಚ್ಚು ಭಾವ," ಎಂದ ಅವನು.

"ದಪ್ಪ ಕಾಲಿನವರನ್ನ ಕಟ್ಟಿಹಾಕಿದ್ದೀಯಲ್ಲೋ ಪುಣ್ಯಾತ್ಮ!"

ಅವಳು ತಕ್ಷಣ ಬೆರಳೆತ್ತಿದಳು. "ಇದು ಫಲಿತಾಂಶ ಅಲ್ಲ, ಬರೀ ಅನುಮಾನ. ಪಟ್ಟಿ ಉದ್ದ ಮಾಡಿ, ಬೇರೆ ಜನಕ್ಕೆ ಕೊಟ್ಟು ಮತ್ತೆ ಕೇಳ್ಬೇಕು."

ಸೋಮವಾರ ಶೆಲ್ಫಿನ ಅರ್ಧ ಬಾಮೈದನಿಗೆ, ಅರ್ಧ ಕಂಪನಿಗೆ ಕೊಟ್ಟೆ. ಅರ್ಧ ಶೆಲ್ಫಿಗೆ ಬೋರ್ಡು ಕೊಡುವುದಿಲ್ಲ ಎಂದು ಏಜೆಂಟ ಹೇಳಿಹೋದ. ಅರ್ಧ ಆರ್ಡರಿಗೆ ಬಾಮೈದನ ಎರಡು ಯಂತ್ರಗಳಲ್ಲಿ ಎರಡೂ ತಿರುಗುತ್ತಿವೆ, ನಿಧಾನವಾಗಿ. ಆ ಇಬ್ಬರು ಹೆಣ್ಣಾಳುಗಳು ಈ ತಿಂಗಳೂ ಕೆಲಸಕ್ಕೆ ಬರುತ್ತಿದ್ದಾರೆ.

ಪುಸ್ತಕದೊಳಗಿನ ಆ ಎರಡು ಚೀಟಿಗಳ ವಿಷಯವನ್ನು ನನ್ನ ಹೆಂಡತಿ ತಮ್ಮನಿಗೆ ಇಂದಿನವರೆಗೂ ಹೇಳಿಲ್ಲ. ಅವಳು ಮೋಸ ಮಾಡುತ್ತಾಳೆಂದು ನಾನು ಅನುಮಾನಪಟ್ಟೆ, ಮಾಡಿದವನು ನಾನು. ಅವಳಲ್ಲಿ ನಾನು ಕ್ಷಮೆ ಕೇಳಬೇಕಿದೆ. ಇನ್ನೂ ಕೇಳಿಲ್ಲ.