ಒಬ್ರಾದನ ಸೈಕಲ್ಲೂ ಕಾತಾ ಅಜ್ಜಿಯ ಬೆಂಚೂ

"ಇನ್ನು ಈ ಜನ್ಮದಲ್ಲಿ ನಾನು ಕಾರು ಮುಟ್ಟಿದ್ರೆ ಕೇಳು!" ಎಂದು ಒಬ್ರಾದ್ ಘೋಷಿಸಿದಾಗ ಅವನ ಹೊಟ್ಟೆ ಊಟದ ಮೇಜಿನ ಅರ್ಧ ಜಾಗವನ್ನು ಆಕ್ರಮಿಸಿಕೊಂಡಿತ್ತು. ಮನೆಯಿಂದ ಕಿಕಿಂದಾ ಪೇಟೆಯ ಅವನ ಕಚೇರಿಗೆ ನಾಲ್ಕು ಕಿಲೋಮೀಟರು. ದಿನಾ ಸೈಕಲ್ಲಿನಲ್ಲಿ ಹೋಗಿಬಂದರೆ ಮೈಯೂ ಹಗುರ, ಊರಿನ ಗಾಳಿಯೂ ಚೊಕ್ಕ. ಅವನ ಭಾಷಣ ಕೇಳಿದ್ದರೆ ಭೂಮಿತಾಯಿ ಖುದ್ದಾಗಿ ಎದ್ದು ಬಂದು ಹಾರ ಹಾಕುತ್ತಿದ್ದಳೇನೋ.

ನಿಜವಾದ ಕಾರಣ ಬೇರೆಯೇ ಇತ್ತು. ಸಂತ ಜಾರ್ಜನ ಹಬ್ಬದೊಳಗೆ ನಾಲ್ಕು ಕಿಲೋ ಇಳಿಯಲೇಬೇಕೆಂದು ಡಾಕ್ಟರಮ್ಮ ಸ್ಮಿಲ್ಯ ತಾಕೀತು ಮಾಡಿದ್ದರು. ಹೆಂಡತಿ ನೆವೆಂಕ ಅದಕ್ಕೆ ತನ್ನದೂ ಒಂದು ಷರತ್ತು ಸೇರಿಸಿದ್ದಳು.

"ಇಳೀಲಿಲ್ಲ ಅಂದ್ರೆ ಅಟ್ಟದಲ್ಲಿ ನೇತಾಡ್ತಿದೆಯಲ್ಲ ಹಂದಿ ತೊಡೆ, ಅದು ಸೀದಾ ನನ್ನ ತಮ್ಮನ ಮನೆಗೆ."

ಚಳಿಗಾಲವಿಡೀ ಒಬ್ರಾದ್ ಪಕ್ಕದಲ್ಲೇ ಕೂತು ಹೊಗೆ ಹಾಕಿ ಒಣಗಿಸಿದ ತೊಡೆ ಅದು. ಹೆತ್ತ ಮಕ್ಕಳಿಗೂ ಅವನು ಅಷ್ಟು ಉಪಚಾರ ಮಾಡಿದವನಲ್ಲ.

ನೆಲ ಹಲಗೆಯಂತೆ ಸಮವಾಗಿದ್ದುದರಿಂದ ತುಳಿಯುವುದು ಕಷ್ಟವಾಗಲಿಲ್ಲ. ಕಷ್ಟ ಬಂದದ್ದು ಬೆಂಚುಗಳಿಂದ. ನಮ್ಮ ಕಡೆ ಪ್ರತಿ ಗೇಟಿನ ಮುಂದೆ ಒಂದು ಬೆಂಚು, ಬೆಂಚಿನ ಮೇಲೊಬ್ಬ ಅಜ್ಜಿ. ಕಾರಿನಲ್ಲಿ ಹೋಗುವವನು ಕೈ ಬೀಸಿದರೆ ಸಾಕು. ಸೈಕಲ್ಲಿನವನು ಕರೆದಾಗ ಇಳಿಯದೆ ಹೋದನೋ, ಅವನ ಏಳು ತಲೆಮಾರನ್ನು ಸಂಜೆಯೊಳಗೆ ಜಾಲಾಡಿರುತ್ತಾರೆ.

ಮೊದಲ ದಿನವೇ ಕಾತಾ ಅಜ್ಜಿ ಅವನನ್ನು ನಿಲ್ಲಿಸಿ, ಕಾರೆಲ್ಲಿ ಎಂದು ಕೇಳಿದಳು. ಒಬ್ರಾದ್ ಹೊಗೆ, ಪರಿಸರ, ಹೃದಯ ಎಂದು ಉಪನ್ಯಾಸ ಬಿಗಿದ. ಅಜ್ಜಿ ಎಲ್ಲವನ್ನೂ ಕೇಳಿ ಕಣ್ಣೊರೆಸಿಕೊಂಡಳು.

"ಕಾರು ಮಾರಿದೆ ಅಂತ ಹೇಳೋಕೆ ನಾಚಿಕೆ ಯಾಕೆ ಮಗಾ? ಕಷ್ಟ ಮನುಷ್ಯರಿಗಲ್ದೆ ಮರಕ್ಕೆ ಬರುತ್ತಾ?"

ಹಾಗೆಂದು ಒಳಗಿನಿಂದ ಬಿಸಿ ಗಿಬಾನಿತ್ಸ ತಂದಿಟ್ಟಳು. ಪದರ ಪದರದ ನಡುವೆ ಚೀಸು, ಮೇಲ್ಪದರ ಕೆಂಪಗೆ ಗರಿಗರಿ. ಕಾರು ಮಾರಿಲ್ಲ ಎನ್ನಲು ಒಬ್ರಾದ್ ಬಾಯಿ ತೆರೆದ. ತೆರೆದ ಬಾಯೊಳಗೆ ಒಂದು ತುಂಡು ಹೋಯಿತು. ಆಮೇಲೆ ಸತ್ಯ ಹೇಳಲು ಅವನಿಗೆ ಮನಸ್ಸೇ ಬರಲಿಲ್ಲ.

ಸುದ್ದಿ ಸೈಕಲ್ಲಿಗಿಂತ ಮುಂದೆ ಓಡಿತು. ಮೂರನೆಯ ಗೇಟಿನಲ್ಲಿ ಸಾಸೇಜು, ಏಳನೆಯದರಲ್ಲಿ ಗಸಗಸೆ ತುಂಬಿದ ರೊಟ್ಟಿ, ತಿರುವಿನಲ್ಲಿ ಒಂದು ಗುಟುಕು ರಾಕಿಯಾ ಎಂಬ ಪ್ಲಮ್ ಹಣ್ಣಿನ ಸಾರಾಯಿ. ಬೆಳಿಗ್ಗೆ ಪುಣ್ಯ ಕಟ್ಟಿಕೊಳ್ಳಲಾಗದವರು ಸಂಜೆ ಕಾದು ಕುಳಿತಿರುತ್ತಿದ್ದರು. ಮನೆಯಲ್ಲಿ ಮಾತ್ರ ಒಬ್ರಾದ್ ಎರಡು ಹಸಿ ಎಲೆ ಮೆದ್ದು ಕೈ ತೊಳೆದುಬಿಡುತ್ತಿದ್ದ. ನೆವೆಂಕಳಿಗೆ ಗಂಡನ ಮೇಲೆ ಎಂದೂ ಇಲ್ಲದ ಹೆಮ್ಮೆ.

ಹಬ್ಬಕ್ಕೆ ಇನ್ನೊಂದು ತಿಂಗಳಿದೆ ಎನ್ನುವಾಗ ನೆವೆಂಕಳೊಡನೆ ಡಾಕ್ಟರಮ್ಮನ ಬಳಿ ಹೋಗಿ ತೂಕ ನೋಡಿದರೆ, ಮೂರು ಕಿಲೋ ಏರಿತ್ತು! ಡಾಕ್ಟರಮ್ಮ ಕನ್ನಡಕ ತೆಗೆದು, ದಿನಾ ಯಾವ ಬೀದಿಯಲ್ಲಿ ಹೋಗುತ್ತೀರಿ ಎಂದು ವಿಚಾರಿಸಿದರು. ಕಾತಾ ಅಜ್ಜಿಯ ಬೀದಿಯಲ್ಲಿ ಎಂದು ಒಬ್ರಾದ್ ತಡವರಿಸಿದ. ಡಾಕ್ಟರಮ್ಮನಿಗೆ ತಟ್ಟನೆ ಹೊಳೆಯಿತು.

"ಕಾತಾ ಅಂದ್ರೆ ನಮ್ಮಮ್ಮ. ಅವರು ದಿನಾ ಫೋನಲ್ಲಿ ಹೇಳೋ ಬಡಪಾಯಿ ನೀವೇನಾ? ನೀವು ತಿನ್ನೋ ರಭಸ ನೋಡಿ, ಹೆಂಡ್ತಿ ತುತ್ತು ಅನ್ನ ಹಾಕಲ್ಲ ಅಂತ ಅತ್ತೂ ಅತ್ತೂ ಸಾಕಾಗಿದೆ ಅವರಿಗೆ."

ಇಪ್ಪತ್ತೆರಡು ವರ್ಷ ಬೇಯಿಸಿ ಹಾಕಿದ ನೆವೆಂಕಳ ಮುಖ ಮೆಣಸಿನಕಾಯಿಯಾಯಿತು.

"ಗಾಳಿ ಆಮೇಲೆ ಚೊಕ್ಕ ಆಗ್ಲಿ ರೀ, ಮೊದಲು ನನ್ನ ಮಾನ ಉಳೀಲಿ. ನಾಳೆಯಿಂದ ನಾನೂ ಸೈಕಲ್ ತರ್ತೀನಿ. ಯಾರು ಹೇಗೆ ತಿನ್ನಿಸ್ತಾರೋ ನೋಡೇಬಿಡ್ತೀನಿ."

ಮರುದಿನ ಎರಡು ಸೈಕಲ್ಲು ಹೊರಟವು. ಕಾತಾ ಅಜ್ಜಿ ದೂರದಿಂದಲೇ ಕಂಡು ಎದೆ ಬಡಿದುಕೊಂಡಳು.

"ಅಯ್ಯೋ ಪಾಪಿ, ಹೆಂಡ್ತೀನೂ ಬೀದಿಗೆ ತಂದ್ಯಲ್ಲೋ."

ನೆವೆಂಕಳನ್ನು ಬೆಂಚಿನಲ್ಲಿ ಕೂರಿಸಿ ತಟ್ಟೆಯನ್ನು ಅವಳ ಮಡಿಲಿಗಿಟ್ಟಳು. ಒಬ್ರಾದನಿಗೆ ಒಂದು ಲೋಟ ನೀರು ಸಿಕ್ಕಿತು. ಮನೆಯಿಂದ ಬಾಯಿಪಾಠ ಮಾಡಿಕೊಂಡು ಬಂದಿದ್ದ ನೆವೆಂಕಳ ಜಗಳ ಮೊದಲ ತುತ್ತಿಗೇ ಮರೆತುಹೋಯಿತು. ಅಂದಿನಿಂದ ಎಲ್ಲ ಗೇಟಿನಲ್ಲೂ ಅದೇ ನ್ಯಾಯ, ಅವಳಿಗೆ ತಟ್ಟೆ, ಅವನಿಗೆ ನೀರು.

ಹಬ್ಬದ ಹೊತ್ತಿಗೆ ಒಬ್ರಾದ್ ಏರಿದ ಮೂರನ್ನೂ ಇಳಿಸಿ, ಮೇಲೆ ನಾಲ್ಕು ಇಳಿದಿದ್ದ. ಅಟ್ಟದ ತೊಡೆ ಉಳಿಯಿತು. ಆ ಸಂತೋಷಕ್ಕೆ, ಜಾರುವ ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದು, ಇವತ್ತಾದರೂ ಒಂದು ಒಳ್ಳೆಯ ಮಾತು ಕೇಳೋಣವೆಂದು ಬೆಂಚಿನ ಮುಂದೆ ಎದೆಯುಬ್ಬಿಸಿ ನಿಂತ. ಕಾತಾ ಅಜ್ಜಿ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ ನೆವೆಂಕಳ ಕಡೆ ತಿರುಗಿದಳು.

"ನೋಡು ತಾಯಿ, ನಿನಗೆ ಮಾಡಿದ ಪಾಪ ಇವನನ್ನ ಒಳಗೊಳಗೇ ಹೆಂಗೆ ತಿಂತಾ ಇದೆ."

ಬಾಯಿ ತುಂಬಿಕೊಂಡಿದ್ದ ನೆವೆಂಕ ಹೌದೆಂದು ತಲೆಯಾಡಿಸಿದಳು.