ಬಾಲ ಮುರಿದ ಮೀನು

ಯಮನೂರಪ್ಪನ ಬಚ್ಚಲಲ್ಲಿ ನೀರು ಕಟ್ಟಿಕೊಳ್ಳದೆ ಹೋಗಿದ್ದರೆ ಅವನ ಬಾಳು ಹೀಗಾಗುತ್ತಿರಲಿಲ್ಲ. ಹೋದ ತಿಂಗಳು ಬಚ್ಚಲ ಹಾಸುಗಲ್ಲನ್ನು ಎತ್ತಿ ಮಗುಚಿದಾಗ ಅದರ ಅಡಿಯಲ್ಲಿ ಮೀನಿನ ಅಚ್ಚೊಂದು ಕಂಡಿತು. ಜೋಳದ ರೊಟ್ಟಿಗೆ ಬಾರುಕೋಲು ಸಿಕ್ಕಿಸಿದಂಥ ಮೀನು. ಬಾಲ ಮಾತ್ರ ನಡುವೆಯೇ ಮುರಿದಿತ್ತು.

ಅವನು ಗಂಗಾವತಿಯ ಒಂದು ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಹಂಗಾಮಿ ಜವಾನ. ಕಾಲೇಜಿನವರು ಟಪಾಲಿನಲ್ಲಿ ಕಳಿಸಿದ ಫೋಟೊ ನೋಡಿದ ಧಾರವಾಡದ ಪ್ರೊಫೆಸರು ಫೋನು ಮಾಡಿ, "ಕೋಟ್ಯಂತರ ವರ್ಷದ ಹಿಂದ ಹೊಳಿಯೊಳಗಿದ್ದ ತೊರಕೆ ಮೀನು. ಇಂಥಾ ಪಳೆಯುಳಿಕೆ ಭಾಳ ಅಪರೂಪ. ಯಾರೂ ಕೈ ಹಚ್ಚಬ್ಯಾಡ್ರಿ, ನಾನೇ ಬರ್ತೀನಿ" ಎಂದಿದ್ದರು. ಪ್ರಿನ್ಸಿಪಾಲರೂ ಮಾತು ಕೊಟ್ಟರು: ಕಲ್ಲು ಖರೇ ಆದರೆ ಕಾಲೇಜಿಗೊಂದು ಮ್ಯೂಸಿಯಂ, ಅದನ್ನು ಕಾಯಲು ಯಮನೂರಪ್ಪನಿಗೆ ಕಾಯಂ ನೌಕರಿ.

ಪ್ರೊಫೆಸರು ಬರುವ ದಿನ ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ತಂದಿಟ್ಟಿದ್ದ ಆ ಕಲ್ಲಿಗೆ ಅರಿಷಿಣ ಬಿದ್ದಿತ್ತು. ಎದುರು ಮನೆಯ ಯಂಕವ್ವ ಕಾಯಿ ಹಿಡಿದು ನಿಂತಿದ್ದಳು. ಪಕ್ಕದ ಮನೆಯ ಶಾಹಜಾದಬಿ ಲೋಬಾನದ ಹೊಗೆ ಹಾಕುತ್ತಿದ್ದಳು.

"ಹನ್ನೊಂದು ವರ್ಷ ದೇವರ ಬೆನ್ನ ಮ್ಯಾಲೆ ನಿಂತು ಸಬಕಾರ ತಿಕ್ಕೊಂಡಿಯಲ್ಲೋ ಪಾಪಿ! ಅದಕ್ಕ ನಿನ್ನ ನೌಕರಿ ಕಾಯಂ ಆಗವಲ್ದು" ಎಂದಳು ಯಂಕವ್ವ.

"ಹೌದು ಬೇಟಾ, ಇದು ಮನ್ಯಾಗ ಇಡೂದಲ್ಲ. ಬೇವಿನ ಗಿಡದ ಕಟ್ಟಿಗೆ ಕೂಡ್ಸೋಣು" ಎಂದಳು ಶಾಹಜಾದಬಿ.

ಓಣಿಯೇ ನೆರೆಯಿತು. ನಾಲ್ಕು ಜನ ಕಲ್ಲಿಗೆ ಕೈ ಹಾಕಿದರು. ಅದು ಮೀನು ಎಂದು ಯಮನೂರಪ್ಪ ಬಡಕೊಂಡರೂ ಯಾರೂ ಕೇಳಲಿಲ್ಲ. ಕೊನೆಗೆ ಅವನ ಕಣ್ಣಿಗೆ ಆ ಮುರಿದ ಬಾಲ ಬಿತ್ತು.

"ಅಲ್ಲಬೇ, ಬಾಲ ಮುರದೈತಿ ನೋಡು! ಭಿನ್ನ ಆದ ಮೂರ್ತಿ ಪೂಜಿಗೆ ಬರತೈತೇನು? ಓಣಿಗೇ ಕೇಡು!"

ಕಲ್ಲು ಹಿಡಿದವರು ಕೈ ಬಿಟ್ಟರು. ಯಂಕವ್ವ ಕಾಯಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ತನ್ನ ಜಾಣತನಕ್ಕೆ ತಾನೇ ಬೀಗುತ್ತ ಯಮನೂರಪ್ಪ ಇಸ್ತ್ರಿ ಅಂಗಿ ತೊಟ್ಟು ಬಸ್‌ಸ್ಟ್ಯಾಂಡಿಗೆ ಹೋದ. ಬಸ್ಸು ಹಿಟ್ನಾಳದ ಹತ್ತಿರ ಕೆಟ್ಟು ಎರಡು ತಾಸು ತಡವಾಯಿತು. ಅಂದಿನ ಖುಷಿಯಲ್ಲಿ ಅವನಿಗೆ ಅದೂ ಶುಭವಾಗಿಯೇ ಕಂಡಿತು.

ಪ್ರೊಫೆಸರನ್ನು ಕರೆದುಕೊಂಡು ಓಣಿಗೆ ಬಂದರೆ ಕಲ್ಲು ಬೇವಿನ ಕಟ್ಟೆಯ ಮೇಲೆ ಕೂತಿತ್ತು. ಬೀಸುಕಲ್ಲಿಗೆ ಉಳಿಯಿಂದ ಕಕ್ಕು ಹಾಕುವ ಹೊನ್ನೂರಪ್ಪ ಅದರ ಮೇಲಿನ ಪುಡಿಯನ್ನು ಊದುತ್ತಿದ್ದ.

"ದೋಷ ತೆಗದೀನಿ ಯಮನೂರಪ್ಪಣ್ಣ! ಬಾಲ ಪೂರಾ ಮಾಡೀನಿ. ಗೆರಿ ಮಾಸಿದ್ವು, ಆಳ ಹೊಡದೀನಿ. ಎರಡು ಕಣ್ಣೂ ಇಟ್ಟೀನಿ. ಓಣಿ ಕೆಲಸ, ಕೂಲಿ ಬ್ಯಾಡ."

ಪ್ರೊಫೆಸರು ಭೂತಗನ್ನಡಿ ಹಿಡಿದು ಬಗ್ಗಿದರು. ಬಾಲದಿಂದ ಕಣ್ಣಿನವರೆಗೂ ಹಸಿ ಉಳಿಯ ಗುರುತು.

"ಫೋಟೊದಾಗ ಅರ್ಧ ಕೆತ್ತಿದ್ರಿ. ಇವತ್ತು ಮುಗಿಸೀರಿ. ಹೌದಲ್ರಿ?"

"ಅಲ್ರಿ ಸರ, ಅದು ಖರೇನ ಮೀನ್ರಿ..."

ಅವರು ಕೇಳಲು ನಿಲ್ಲಲಿಲ್ಲ. ಸಂಜೆಗೆ ಕಾಲೇಜಿನಿಂದ ಹೇಳಿಕಳಿಸಿದರು, ನಾಳೆಯಿಂದ ಬರುವುದು ಬೇಡವೆಂದು. ಯಮನೂರಪ್ಪ ಕಟ್ಟೆಯ ಮೇಲೆ ಕುಸಿದು ಕೂತು, ಇಸ್ತ್ರಿ ಅಂಗಿಯ ತೋಳಿಗೆ ಮುಖ ಹಚ್ಚಿ ಮಕ್ಕಳ ಹಾಗೆ ಅತ್ತುಬಿಟ್ಟ.

ಯಂಕವ್ವನಿಗೆ ಕನಿಕರವಾಯಿತು. ಬಂದು ಅವನ ಕೈಗೆ ಪೂಜೆಯ ಗಂಟೆಯೊಂದನ್ನು ಕೊಟ್ಟಳು.

"ಅಳಬ್ಯಾಡೋ ತಮ್ಮಾ. ದೇವರು ನಿನ್ನ ಬಚ್ಚಲದಾಗ ಹುಟ್ಟ್ಯಾನ, ಪೂಜಿನೂ ನಿಂದ ಅಂತ ಓಣ್ಯಾಗ ಠರಾವು ಆಗೈತಿ. ದಿನಾ ನಸುಕಿನ್ಯಾಗ ಎದ್ದು ನೀರು ಹಾಕು. ಪಗಾರ ಇಲ್ಲ ಖರೆ, ಆದ್ರ ಕೆಲಸ ಕಾಯಂ."