ಒಂದನೇ ಮಿಂಚಕ್ಕ, ಎರಡನೇ ಮಿಂಚಕ್ಕ

ಚನ್ನಪ್ಪ ಮೇಷ್ಟ್ರ ತಲೆ ಕೆಡಿಸಿದ್ದು ಇಪ್ಪತ್ತನಾಲ್ಕೇ ಪುಟದ ಒಂದು ಪುಸ್ತಕ. ಪುಟಕ್ಕೆ ಎರಡು ಸಾಲು, ಮಿಕ್ಕಿದ್ದೆಲ್ಲ ಚಿತ್ರ. ದಪ್ಪ ದಪ್ಪ ಪೌರಾಣಿಕ ನಾಟಕಗಳನ್ನು ಕಣ್ಣು ಮುಚ್ಚಿಕೊಂಡು ಹೇಳಿಕೊಡುತ್ತಿದ್ದ ಮನುಷ್ಯನಿಗೆ ಇದು ಯಾವ ಲೆಕ್ಕ ಅಂತ ಊರವರು ಅಂದುಕೊಂಡಿದ್ದರು. ಮೇಷ್ಟ್ರೂ ಹಾಗೇ ಅಂದುಕೊಂಡರು. ಎಡವಟ್ಟಾಗಿದ್ದೇ ಅಲ್ಲಿ.

ಮಲ್ಲಿಪಟ್ಟಣದ ಚನ್ನಪ್ಪ ಅಂದರೆ ಅರಕಲಗೂಡು, ಹೊಳೆನರಸೀಪುರದ ಹಳ್ಳಿಗಳಲ್ಲೆಲ್ಲ ಹಾರ್ಮೋನಿಯಂ ಮೇಷ್ಟ್ರು ಅಂತಲೇ ಗುರುತು. ಇಪ್ಪತ್ತೆರಡು ವರ್ಷ ಊರೂರಿಗೆ ಹೋಗಿ, ನೇಗಿಲು ಹಿಡಿದವರಿಗೂ ಗಾರೆ ಕೆಲಸದವರಿಗೂ ರಾಜನ ಪಾರ್ಟು ಕಲಿಸಿದವರು. ಈಚೀಚೆಗೆ ನಾಟಕ ಕಟ್ಟುವ ಊರುಗಳು ಕಮ್ಮಿಯಾಗಿ, ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಬೆಕ್ಕು ಮಲಗಲು ಶುರುಮಾಡಿತ್ತು. ಅಂಥ ಹೊತ್ತಿನಲ್ಲಿ ಚನ್ನರಾಯಪಟ್ಟಣದ ಒಂದು ಶಾಲೆಯ ಹೆಡ್‌ಮಿಸ್ಸು ಮರುದೇವಿ ಮೇಡಂ ಕರೆಸಿದರು. ಮಕ್ಕಳಿಗೆ ಈ ಪುಸ್ತಕವನ್ನು ನಾಟಕ ಮಾಡಿಸಿ, ಚೆನ್ನಾಗಿ ಬಂದರೆ ನಿಮ್ಮನ್ನೇ ಕಾಯಂ ನಾಟಕದ ಮೇಷ್ಟ್ರು ಮಾಡಿಕೊಳ್ಳುತ್ತೇವೆ ಅಂದರು. ತಿಂಗಳಾದರೆ ಸಂಬಳ, ಕೂರಲು ಸ್ವಂತ ಕುರ್ಚಿ. ಮೇಷ್ಟ್ರ ಹೆಂಡತಿ ಪಾರ್ವತಮ್ಮ ಆ ಕುರ್ಚಿಗೆ ಅಂತ ಒಂದು ದಿಂಬನ್ನೂ ಹೊಲಿದಿಟ್ಟಿದ್ದಳು.

ಪುಸ್ತಕದ ಹೆಸರು ‘ಮಿಂಚಕ್ಕನ ಬಿಕ್ಕಳಿಕೆ’. ಮಿಂಚಕ್ಕ ಒಬ್ಬ ಮಾಟಗಾತಿ. ಅವಳ ಮೇಲೆ ಇದೇ ಅಳತೆಯ ಹನ್ನೆರಡು ಪುಸ್ತಕ ಬಂದಿವೆಯಂತೆ. ಗುಂಡಗಿದ್ದಾಳೆ, ಕನ್ನಡಕ ಹಾಕುತ್ತಾಳೆ, ಮೊರದ ಮೇಲೆ ಕೂತು ಹಾರುತ್ತಾಳೆ. ಒಂದು ದಿನ ಅವಳಿಗೆ ಬಿಕ್ಕಳಿಕೆ ಹತ್ತುತ್ತದೆ. ನಿಲ್ಲಲಿ ಅಂತ ಮಂತ್ರ ಹಾಕಿದರೆ ಅದು ತಿರುಗಿಕೊಂಡು ಊರಿಗೆಲ್ಲ ಬಿಕ್ಕಳಿಕೆ ಹತ್ತುತ್ತದೆ. ಒಬ್ಬರ ಮುಖ ಒಬ್ಬರು ನೋಡಿ ನಕ್ಕಾಗ ನಿಲ್ಲುತ್ತದೆ. ಅಷ್ಟೇ ಕತೆ.

ಆದರೆ ಮಿಂಚಕ್ಕ ಪುಸ್ತಕದಲ್ಲೇ ಸುಮ್ಮನೆ ಕೂತಿರಲಿಲ್ಲ. ಟೀವಿಯವರು ಅವಳನ್ನು ಕಾರ್ಟೂನು ಮಾಡಿದ್ದರು. ಅದರಲ್ಲಿ ಅವಳಿಗೆ ಹಸಿರು ಕೂದಲು, ಕೈಯಲ್ಲಿ ಪೊರಕೆ, ಮಾತಿಗೆ ಮೊದಲೇ ಕಿಲಕಿಲ ನಗು. ಆಮೇಲೆ ಸಿನಿಮಾದವರು ಎತ್ತಿಕೊಂಡು ಹೋಗಿ ಬಿಳಿ ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ, ಮಗು ಕಳೆದುಕೊಂಡ ತಾಯಿ ಮಾಡಿ ಮೂರು ಗಂಟೆ ಅಳಿಸಿದ್ದರು. ಮೇಷ್ಟ್ರು ಪುಸ್ತಕ ಓದಿ, ಕಾರ್ಟೂನು ನೋಡಿ, ಬಸ್ಸಿನಲ್ಲಿ ಸಿನಿಮಾವನ್ನು ಅರ್ಧ ನೋಡಿ, ಈಗ ಕಣ್ಣು ಮುಚ್ಚಿದರೆ ಹಸಿರು ಕೂದಲಿನ ಹೆಂಗಸೊಬ್ಬಳು ಮೊರದ ಮೇಲೆ ಕೂತು ಗೋಳೋ ಅಂತ ಅಳುತ್ತಿದ್ದಳು.

ಶನಿವಾರ ನಾಟಕ. ಬೆಳಿಗ್ಗೆ ಎರಡು ಬಸ್ಸು ಬದಲಿಸಿ, ತೊಡೆಯ ಮೇಲೆ ಹಾರ್ಮೋನಿಯಂ, ಕಂಕುಳಲ್ಲಿ ಮೊರ ಇಟ್ಟುಕೊಂಡು ಮೇಷ್ಟ್ರು ಚನ್ನರಾಯಪಟ್ಟಣದಲ್ಲಿ ಇಳಿದರು. ಇಳಿಯುವ ಮೆಟ್ಟಿಲ ಹತ್ತಿರವೇ ನಾಗಕುಮಾರ ನಿಂತಿದ್ದರು. ಬಟ್ಟೆ ಅಂಗಡಿಯವರು, ಶಾಲೆಯ ಕಮಿಟಿ ಮೆಂಬರು. ಮೇಷ್ಟ್ರನ್ನು ಕೆಲಸಕ್ಕೆ ತಗೊಳ್ಳುವ ಆರ್ಡರಿಗೆ ಅವರದ್ದೂ ಒಂದು ಸಹಿ ಬೀಳಬೇಕು.

ನಾಗಕುಮಾರರು ಹೇಳಿದ್ದು ಇಷ್ಟು. ಅವರ ಮಗಳು ಸಿದ್ಧಿಗೆ ನಾಟಕದಲ್ಲಿ ಊರ ಹೆಂಗಸಿನ ಪಾರ್ಟು ಬಂದಿದೆ. ನಿನ್ನೆಯಿಂದ ಆ ಮಗು ಊಟ ಬಿಟ್ಟಿದೆ. ಮಿಂಚಕ್ಕನೇ ಆಗಬೇಕು ಅಂತ ಹಟ. ಕಾರ್ಟೂನು ನೋಡಿ ನೋಡಿ ಮಾತೆಲ್ಲ ಬಾಯಿಪಾಠ ಆಗಿದೆ, ಹಸಿರು ಕೂದಲೂ ತರಿಸಿಯಾಗಿದೆ.

ಮಿಂಚಕ್ಕನ ಪಾರ್ಟನ್ನು ಒಂದು ತಿಂಗಳಿಂದ ಶಾಂತಿಗ್ರಾಮದ ತೇಜಶ್ರೀ ಕಲಿಯುತ್ತಿದ್ದಾಳೆ ಅಂತ ಮೇಷ್ಟ್ರು ಮೆಲ್ಲಗೆ ಹೇಳಿದರು. ನಾಗಕುಮಾರರು ನಾಟಕ ಮುಗಿದ ಕೂಡಲೇ ಕಮಿಟಿ ಮೀಟಿಂಗು ಇದೆ ಅಂತ ಮಾತ್ರ ಹೇಳಿ, ಗಡಿಯಾರ ನೋಡಿಕೊಂಡರು.

ಆದರೆ ಇಪ್ಪತ್ತೆರಡು ವರ್ಷದ ಅನುಭವ ಸುಮ್ಮನೆ ಹೋಗುತ್ತದೆಯೇ. ಹಳ್ಳಿ ನಾಟಕದಲ್ಲಿ ರಾಜ ಒಬ್ಬನೇ, ರಾಜನಾಗಬೇಕು ಅನ್ನುವವರು ಮೂರು ಜನ. ಯಾರಿಗೂ ಇಲ್ಲ ಅನ್ನುವ ಹಾಗಿಲ್ಲ. ಅದಕ್ಕೆ ಅವರ ಕಡೆ ಒಂದು ಪದ್ಧತಿ ಉಂಟು.

“ಯೋಚ್ನೆ ಬ್ಯಾಡಿ ಸಾವ್ಕಾರ್ರೆ,” ಅಂದರು ಮೇಷ್ಟ್ರು. “ಒಂದನೇ ರಾಜ, ಎರಡನೇ ರಾಜ ಅಂತ ಮಾಡ್ತೀವಿ ನಾವು. ಒಬ್ಬ ಒಳೀಕ್ ಓಯ್ತಾನೆ, ಇನ್ನೊಬ್ಬ ಈಚೀಕ್ ಬತ್ತಾನೆ. ಕಿರೀಟ ಒಂದೇ. ಮೊದ್ಲೊನು ಕಪ್ಪಗೆ ಕುಳ್ಳಗಿದ್ದ, ಇವ್ನ್ಯಾಕೆ ಉದ್ದುಕ್ ಅವ್ನೆ ಅಂತ ಇವತ್ತಿನಗಂಟ ಒಬ್ರೂ ಕೇಳಿಲ್ಲ. ತೇಜಶ್ರೀ ಒಂದನೇ ಮಿಂಚಕ್ಕ, ನಿಮ್ ಮಗಳು ಎರಡನೇ ಮಿಂಚಕ್ಕ.”

ನಾಗಕುಮಾರರು ಬಟ್ಟೆ ವ್ಯಾಪಾರಿ. ಅಳೆಯದೆ ಯಾವುದನ್ನೂ ತಗೊಂಡವರಲ್ಲ. ಪುಸ್ತಕ ಇಸಿದುಕೊಂಡು ಪುಟ ಎಣಿಸಿದರು. ಹನ್ನೆರಡು ಅವಳಿಗೆ, ಹನ್ನೆರಡು ಇವಳಿಗೆ. ಸರಿ ಅಂತ ಮುಚ್ಚಲು ಹೋದವರು ನಡುವಿನ ಪುಟ ತೆರೆದು ಹಾಗೇ ನಿಂತರು. ಹನ್ನೆರಡು ಮತ್ತು ಹದಿಮೂರು ಎರಡೂ ಸೇರಿ ಒಂದೇ ದೊಡ್ಡ ಚಿತ್ರ. ಮಿಂಚಕ್ಕ ಎರಡೂ ಕೈ ಎತ್ತಿ ಮಂತ್ರ ಹಾಕುತ್ತಿದ್ದಾಳೆ. ಎಡಗೈ ಒಂದು ಪುಟದಲ್ಲಿ, ಬಲಗೈ ಇನ್ನೊಂದರಲ್ಲಿ, ಮೂಗು ಸರಿಯಾಗಿ ಪಿನ್ನು ಹೊಡೆದ ಕಡೆ.

“ಮೇಷ್ಟ್ರೆ, ಈ ಮಂತ್ರ ಯಾರ ಪಾಲಿಗೆ?” ಅಂತ ಕೇಳಿದರು ನಾಗಕುಮಾರರು.

ಮೇಷ್ಟ್ರು ಪುಸ್ತಕವನ್ನು ಉದ್ದಕ್ಕೆ ಹಿಡಿದರು, ಅಡ್ಡಕ್ಕೆ ಹಿಡಿದರು. ಪಿನ್ನು ಎಲ್ಲಿಗೂ ಸರಿಯಲಿಲ್ಲ. ಅಲ್ಲಿ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸುತ್ತೇನೆ ಅಂತ ಹೇಳಿ ಹೊರಟುಬಿಟ್ಟರು.

ಶಾಲೆಯ ಹತ್ತಿರ ಬಂದರೆ ಗೇಟಿನಲ್ಲಿ ದೊಡ್ಡಮ್ಮ. ತೇಜಶ್ರೀಯ ಅಜ್ಜಿ. ಶಾಂತಿಗ್ರಾಮದಿಂದ ಒಂದು ಟೆಂಪೋ ಭರ್ತಿ ನೆಂಟರನ್ನು ಕರೆದುಕೊಂಡು ಬಂದಿದ್ದಳು. ಡೈರಿಯಲ್ಲಿ ಹಾಲು ಹಾಕುವಾಗ ಅವಳು ಮಾತಾಡಿದರೆ ಹೈವೇ ಬಸ್ಸಿನವರು ಯಾರೋ ನಿಲ್ಲಿಸಿ ಅಂದರು ಅಂತ ಬ್ರೇಕು ಹಾಕುತ್ತಾರೆ, ಅಂಥ ಗಂಟಲು. ಮಗುವಿನ ಹೊಟ್ಟೆಗೆ ದಿಂಬು ಕಟ್ಟಿ, ಕನ್ನಡಕ ಹಾಕಿ ಕಳಿಸಿ ಅಂತ ಮೇಷ್ಟ್ರು ಹೇಳಿ ಕಳಿಸಿದ್ದರು. ತೇಜಶ್ರೀ ಬಿಳಿ ಸೀರೆ ಉಟ್ಟು, ಎರಡು ಮೊಳ ಮಲ್ಲಿಗೆ ಮುಡಿದು ನಿಂತಿದ್ದಳು.

“ದಿಂಬ್ ಎಲ್ಲಿ ದೊಡ್ಡಮ್ಮ?” ಅಂದರು ಮೇಷ್ಟ್ರು.

“ಮಗೀನ ಉಬ್ಬಿದ್ ಮೂಟೆ ಮಾಡಿ ಕಳಿಸ್ಲಾ ನಾನು? ಸಿನಿಮಾ ನೋಡಿವ್ನಿ ಕಣಿ ಮೇಷ್ಟ್ರೆ. ಆ ಮಿಂಚಕ್ಕ ತಾಯಿ ಅಂಥ ಎಂಗ್ಸು. ಮೂರ್ ದಿನ ಅತ್ತಿವ್ನಿ ನಾನು. ನಿಮ್ ಬುಕ್ಕಲ್ಲಿ ಬರ್ದೋರ್ಗೆ ಏನ್ ಗೊತ್ತು.”

ಬರೆದವರಿಗೇ ಗೊತ್ತಿಲ್ಲ ಅಂದ ಮೇಲೆ ತಾವು ಯಾರು ಅಂತ ಮೇಷ್ಟ್ರು ಗೇಟು ದಾಟಿದರು.

ಒಳಗೆ ಹೋದರೆ ಮರುದೇವಿ ಮೇಡಂ ಬೇರೆಯೇ ಬಾಂಬು ಇಟ್ಟುಕೊಂಡಿದ್ದರು. ಮಿಂಚಕ್ಕನ ಪುಸ್ತಕ ಹಾಕಿದ ಪ್ರಕಾಶನದಿಂದಲೇ ಯಶಸ್ವಿನಿ ಅನ್ನುವವರು ಬಂದಿದ್ದಾರೆ, ಮುಂದಿನ ಸಾಲಿನಲ್ಲಿ ಪುಸ್ತಕ ತೆರೆದುಕೊಂಡು ಕೂರುತ್ತಾರೆ, ಒಂದು ಪುಟವೂ ಆಚೀಚೆ ಆಗಬಾರದು ಅಂದರು. ಮೇಜಿನ ಮೇಲೆ ಆರ್ಡರು ಟೈಪಾಗಿ ಕೂತಿತ್ತು. ತಮ್ಮ ಹೆಸರನ್ನು ಮೇಷ್ಟ್ರು ತಲೆಕೆಳಗಾಗಿಯೇ ಓದಿಕೊಂಡರು. ಸಹಿ ಎರಡೂ ಬಾಕಿ.

ಹನ್ನೊಂದು ಗಂಟೆಗೆ ಶಾಲೆಯ ದೊಡ್ಡ ಹಾಲಿನಲ್ಲಿ ಪರದೆ ಎದ್ದಿತು. ಮೇಷ್ಟ್ರು ಪಕ್ಕದಲ್ಲಿ ಹಾರ್ಮೋನಿಯಂ ಮುಂದೆ ಕೂತು ಮೈಕು ಸರಿಮಾಡಿಕೊಂಡು ಶ್ರುತಿ ಕೊಟ್ಟರು. ಒಂದನೇ ಮಿಂಚಕ್ಕ ಬಿಳಿ ಸೀರೆಯಲ್ಲಿ ಬಂದು, ಕಣ್ಣೊರೆಸಿಕೊಂಡು, ಮೇಷ್ಟ್ರೇ ಕಟ್ಟಿದ ಪದ್ಯ ಹಾಡಿ, ಒಂದು ಬಿಕ್ಕಿದಳು. ಚೆನ್ನಾಗಿಯೇ ಬಿಕ್ಕಿದಳು. ಅಷ್ಟರಲ್ಲಿ ಶಾಂತಿಗ್ರಾಮದ ಟೆಂಪೋದವರು ಹಿಂದಿನಿಂದ ಒನ್ಸ್ ಮೋರ್ ಅಂದರು.

ಒನ್ಸ್ ಮೋರ್ ಅಂದರೆ ಮೇಷ್ಟ್ರ ತಲೆ ಕೆಲಸ ಮಾಡುವುದಿಲ್ಲ, ಬೆರಳು ಮಾಡುತ್ತದೆ. ಬೆರಳು ತಾನಾಗಿಯೇ ಪಲ್ಲವಿಗೆ ವಾಪಸು ಹೋಯಿತು. ತೇಜಶ್ರೀ ಇನ್ನೊಂದು ಸಲ ಬಂದು, ಅತ್ತು, ಹಾಡಿ, ಬಿಕ್ಕಿದಳು. ಮತ್ತೆ ಒನ್ಸ್ ಮೋರ್. ನಾಲ್ಕನೇ ಸಲ ಮಿಂಚಕ್ಕ ಬಂದಾಗ ಯಶಸ್ವಿನಿಯವರು ಪುಸ್ತಕದ ಮೊದಲ ಪುಟ ಬಿಟ್ಟು ಕದಲಿರಲಿಲ್ಲ. ಮೇಡಂ ಮುಖ ಹುಣಸೆಹಣ್ಣು ನೆನೆಸಿಟ್ಟ ಬಟ್ಟಲಿನ ಹಾಗಾಗಿತ್ತು.

ಇನ್ನು ತನ್ನ ಸರದಿ ಬರುವುದೇ ಇಲ್ಲ ಅಂತ ಸಿದ್ಧಿಗೆ ಅನ್ನಿಸಿತೋ ಏನೋ, ಹಸಿರು ಕೂದಲು ಕೆದರಿಕೊಂಡು, ಪೊರಕೆ ಎತ್ತಿಕೊಂಡು, ಕಿಲಕಿಲ ನಗುತ್ತಾ ನುಗ್ಗಿಬಂದಳು. ಈಗ ವೇದಿಕೆಯ ಮೇಲೆ ಒಬ್ಬ ಮಿಂಚಕ್ಕ ಅಳುತ್ತಿದ್ದಾಳೆ, ಇನ್ನೊಬ್ಬ ಮಿಂಚಕ್ಕ ನಗುತ್ತಿದ್ದಾಳೆ. ಊರ ಜನರಾಗಿದ್ದ ಮಕ್ಕಳು ಯಾರ ಮಂತ್ರಕ್ಕೆ ಬಿಕ್ಕಬೇಕು ಅಂತ ಗೊತ್ತಾಗದೆ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಯಶಸ್ವಿನಿಯವರನ್ನು ನೋಡಿದರು. ಪುಸ್ತಕದಲ್ಲಿರುವುದು ಏನಾದರೂ ಒಂದು ವೇದಿಕೆಯ ಮೇಲೆ ಇರಲಿ ಅಂತ ಪಕ್ಕದಲ್ಲಿದ್ದ ಮೊರವನ್ನು ಎಸೆದರು. ಮೊರದ ಒಂದು ತುದಿ ತೇಜಶ್ರೀ ಹಿಡಿದಳು, ಇನ್ನೊಂದು ಸಿದ್ಧಿ ಹಿಡಿದಳು. ಮಂತ್ರ ಇಬ್ಬರಿಗೂ ಮರೆತುಹೋಯಿತು, ಮೊರ ಮಾತ್ರ ಇಬ್ಬರೂ ಬಿಡಲಿಲ್ಲ.

ಎದುರು ಸಾಲಿನಲ್ಲಿದ್ದ ದೊಡ್ಡಮ್ಮನಿಗೆ ಕಂಡಿದ್ದೇ ಬೇರೆ. ಒಂದು ತಿಂಗಳು ಕಲಿತ ಮಂತ್ರ ಮೊಮ್ಮಗಳಿಗೆ ಮರೆಯಬೇಕಾದರೆ ಅದು ದೃಷ್ಟಿಯೇ. ಇಷ್ಟು ಜನರ ಕಣ್ಣು ಒಂದು ಮಗುವಿನ ಮೇಲೆ ಬಿದ್ದರೆ ಇನ್ನೇನಾಗುತ್ತದೆ. ಒಣಮೆಣಸಿನಕಾಯಿ, ಉಪ್ಪು, ಪೊರಕೆ ಕಡ್ಡಿಯನ್ನು ಮನೆಯಿಂದಲೇ ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಿದ್ದಳು. ಗೇಟಿನಲ್ಲಿ ಜೋಳದ ತೆನೆ ಸುಡುವವನ ಹತ್ತಿರ ಹೋಗಿ ಒಂದು ಬಾಂಡ್ಲಿ ಕೆಂಡ ಕೇಳಿಕೊಂಡು, ಸೀದಾ ವೇದಿಕೆ ಹತ್ತಿದಳು. ಅಳುವವಳಿಗೆ ಮೂರು ಸುತ್ತು ನಿವಾಳಿಸಿದಳು. ನಗುವವಳೂ ಯಾರದೋ ಮಗು ಅಂತ ಅವಳಿಗೂ ಮೂರು ಸುತ್ತು ನಿವಾಳಿಸಿ, ಥೂ ಥೂ ಅಂದು, ಹಿಡಿ ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದಳು.

ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಅಂತ ಎಲ್ಲರೂ ಬಲ್ಲರು. ಮಕ್ಕಳಿಗೆ ದೃಷ್ಟಿ ಒಂದು ಚೂರೂ ಆಗಿರಲಿಲ್ಲ. ಮೇಲೆ ಆರು ಫ್ಯಾನು ತಿರುಗುತ್ತಿದ್ದವು. ಮೊದಲು ಮುಂದಿನ ಸಾಲು ಕೆಮ್ಮಿತು, ಆಮೇಲೆ ನಡುವಿನ ಸಾಲು, ಆಮೇಲೆ ಟೆಂಪೋದವರು. ಹಾಲಿಗೆ ಹಾಲೇ ಕೆಮ್ಮಿ, ಸೀನಿ, ಬಿಕ್ಕಿ, ಒಬ್ಬರ ಮೇಲೊಬ್ಬರು ಬಿದ್ದು ನಗತೊಡಗಿತು. ಯಾರೋ ಪರದೆ ಎಳೆದರು.

ಮೇಷ್ಟ್ರು ಕಣ್ಣು ಒರೆಸಿಕೊಂಡು ನೋಡಿದರೆ, ಮರುದೇವಿ ಮೇಡಂ ಒಂದು ಕೈಯಲ್ಲಿ ಕರ್ಚೀಫು, ಇನ್ನೊಂದು ಕೈಯಲ್ಲಿ ಆರ್ಡರು ಹಿಡಿದು ತಮ್ಮ ಕಡೆಯೇ ಬರುತ್ತಿದ್ದಾರೆ. ಹರಿದು ಮುಖಕ್ಕೆ ಎಸೆಯಲು ಇನ್ನು ನಾಲ್ಕೇ ಹೆಜ್ಜೆ. ಅಷ್ಟರೊಳಗೆ ಬಾಯಿ ಬಿಡದಿದ್ದರೆ ಕುರ್ಚಿ ಕೈಬಿಟ್ಟಿತು. ಮೈಕು ಮುಂದೆಯೇ ಇದೆ ಅನ್ನುವುದೂ ನೆನಪಾಗದೆ ಎದ್ದು ನಿಂತು ಕೈ ಮುಗಿದರು.

“ಮೇಡಮ್ನೋರೆ, ಇದ್ರಾಗೆ ನಂದೇನೂ ಇಲ್ಲ. ನಾನು ಬರೀ ಆರ್ಮೋನಿ ಬಾರ್ಸೋನು. ಇಬ್ರು ಮಿಂಚಕ್ಕ, ಒಗೆ, ಘಾಟು, ಎಲ್ಲಾ ಈ ದೊಡ್ಡಮ್ಮಂದೇ. ನನ್ನ ಒಂದು ಮಾತು ಕೇಳಿಲ್ಲ.”

ಮಾತು ಹಾಲಿನ ಮೂಲೆ ಮೂಲೆಗೂ ಕೇಳಿಸಿತು. ಮೇಡಂ ನಡುವೆಯೇ ನಿಂತುಬಿಟ್ಟರು.

ಯಶಸ್ವಿನಿಯವರು ವೇದಿಕೆ ಹತ್ತಿ ಮೈಕು ತೆಗೆದುಕೊಂಡರು. ಕಣ್ಣು ಕೆಂಪಾಗಿತ್ತು, ಎರಡು ಮಾತಿಗೊಂದು ಬಿಕ್ಕಳಿಕೆ ಬರುತ್ತಿತ್ತು. ಮಿಂಚಕ್ಕನ ನಾಟಕಗಳನ್ನು ಹತ್ತು ಊರಿನಲ್ಲಿ ನೋಡಿದ್ದೇನೆ, ಎಲ್ಲ ಕಡೆ ಪುಸ್ತಕ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ ಅಂದರು. ಪುಸ್ತಕದವಳು, ಕಾರ್ಟೂನಿನವಳು, ಸಿನಿಮಾದವಳು ಮೂವರನ್ನೂ ಜಗಳಕ್ಕೆ ಬಿಟ್ಟಿದ್ದು ಇದೇ ಮೊದಲು ಅಂದರು. ಆಮೇಲೆ, “ಊರಿಗೆಲ್ಲ ಬಿಕ್ಕಳಿಕೆ ಹತ್ತುತ್ತೆ ಅಂತ ನಾವು ಅಚ್ಚು ಹಾಕಿದ್ದೀವಿ ಅಷ್ಟೇ. ಇಲ್ಲಿ ನನಗೇ ಹತ್ತಿದೆ,” ಅಂತ ಹೇಳಿ ಇನ್ನೊಂದು ಬಿಕ್ಕಿದರು. ಜನ ಚಪ್ಪಾಳೆ ಹೊಡೆದರು. ಈ ಯೋಚನೆಯೆಲ್ಲ ನಿಮ್ಮದೇ ಅಂತ ಈಗ ತಾನೇ ಕೇಳಿದೆ, ಹೌದಾ ಅಂತ ದೊಡ್ಡಮ್ಮನ ಕೈ ಹಿಡಿದುಕೊಂಡರು.

ದೊಡ್ಡಮ್ಮ ಬಾಂಡ್ಲಿಯಲ್ಲಿದ್ದ ಮೆಣಸಿನಕಾಯಿ ನೋಡಿದಳು. ಅದನ್ನೇ ಕೇಳುತ್ತಿದ್ದಾರೆ ಅಂತ ತಿಳಿದಳು.

“ಊಂ ಕಣವ್ವ, ನಂದೇಯ. ಮನೆ ಮ್ಯಾಲೆ ನಾನೇ ಒಣಗ್ಸಿದ್ದು.”

ಅಷ್ಟು ಹೊತ್ತಿಗೆ ಮೇಡಂ ಮೇಷ್ಟ್ರ ಹತ್ತಿರ ಬಂದಿದ್ದರು. ಆರ್ಡರಿನಲ್ಲಿ ಎರಡು ಸಹಿಯೂ ಬಿದ್ದಿತ್ತು. ನಾಟಕ ನಡೆಯುತ್ತಿರುವಾಗಲೇ ಯಶಸ್ವಿನಿಯವರು ನಕ್ಕೂ ನಕ್ಕೂ, ಇಂಥ ಮೇಷ್ಟ್ರನ್ನು ಬಿಡಬೇಡಿ ಅಂದಿದ್ದರಂತೆ. ಮಗಳು ವೇದಿಕೆ ಹತ್ತಿದ ಸಂತೋಷದಲ್ಲಿ ನಾಗಕುಮಾರರು ತೊಡೆಯ ಮೇಲೆ ಇಟ್ಟುಕೊಂಡೇ ಸಹಿ ಹಾಕಿದ್ದರಂತೆ.

“ನಿಮ್ಮ ಕೈಗೆ ಕೊಡೋಣ ಅಂತಲೇ ಬರ್ತಾ ಇದ್ದೆ,” ಅಂದರು ಮೇಡಂ. “ನೀವು ಸತ್ಯವಂತರು. ಬೇರೆಯವರಾಗಿದ್ರೆ ಎಲ್ಲ ನಂದೇ ಅಂತ ಸುಮ್ನೆ ಇಸ್ಕೊಳ್ತಿದ್ರು.”

ಒಂದನೇದು ಎರಡನೇದು ಮಾಡಿದ್ದು ನಾನೇ, ಮೊರ ಎಸೆದಿದ್ದೂ ನಾನೇ ಅಂತ ಮೇಷ್ಟ್ರು ತೊದಲಿದರು. ಮೇಡಂ ನಕ್ಕು, ಚಪ್ಪಾಳೆ ಬಿದ್ದ ಮೇಲೆ ಹಾಗೆ ಅನ್ನಿಸುವುದು ಸಹಜ ಅಂದರು. ಪೆನ್ನು ತೆಗೆದು ಚನ್ನಪ್ಪ ಅನ್ನುವುದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ದೊಡ್ಡಮ್ಮ ಅಂತ ಬರೆದರು.

ಜನರೆಲ್ಲ ಹೋಗಿ ಹಾಲು ಖಾಲಿಯಾಯಿತು. ಮೇಷ್ಟ್ರು ಜಗಲಿಯ ಮೇಲೆ ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ಕೂತಿದ್ದರು. ಎಲ್ಲಿ ತಪ್ಪಿತು ಅಂತ ಹಿಂದಿನಿಂದ ಎಣಿಸಿಕೊಂಡು ಬಂದರೂ ಗೊತ್ತಾಗಲಿಲ್ಲ. ದೊಡ್ಡಮ್ಮ ಬಂದು ಪಕ್ಕದಲ್ಲಿ ಕೂತು ಕಾಗದ ಚಾಚಿದಳು. ಇದರಲ್ಲಿ ಏನಿದೆ ಓದಿ ಅಂದಳು. ಮೇಷ್ಟ್ರು ತಮ್ಮ ಆರ್ಡರನ್ನು ತಾವೇ ಗಟ್ಟಿಯಾಗಿ ಓದಿ ಹೇಳಿದರು. ಸೋಮವಾರದಿಂದ ಕೆಲಸ, ಐದನೇ ಕ್ಲಾಸಿನಿಂದ ಎಂಟರವರೆಗೆ ನಾಟಕ, ಹಾಡು.

ದೊಡ್ಡಮ್ಮ ಕಾಗದ ಮಡಿಸಿ ಸೆರಗಿಗೆ ಗಂಟು ಹಾಕಿಕೊಂಡಳು. ಆಮೇಲೆ ಜನ್ಮದಲ್ಲಿ ಮೊದಲ ಸಲ ದನಿ ತಗ್ಗಿಸಿದಳು.

“ನಂಗೆ ನಾಟ್ಕ ಎಲ್ಲಿ ಬತ್ತದೆ ಮೇಷ್ಟ್ರೆ? ಒಂದ್ ಕೆಲ್ಸ ಮಾಡಿ. ಭಾನ್ವಾರ ಭಾನ್ವಾರ ನಮ್ಮನೆತಾಕ್ ಬಂದು ನಂಗ್ ಕಲಿಸ್ಕೊಟ್ಬುಡಿ. ಅದ್ನೇ ಸೋಮ್ವಾರ ನಾನು ಮಕ್ಕಳ್ಗೆ ಏಳ್ಕೊಡ್ತೀನಿ. ಊಟ ನಮ್ಮನೇಲೇ ಮಾಡೀರಂತೆ. ಮೇಡಮ್ಮಂಗೆ ಏಳ್ಬ್ಯಾಡಿ, ನನ್ ಮರ್ವಾದಿ ಓಯ್ತದೆ.”

ಇದಕ್ಕೆ ಕೊಡಬೇಕಾದ ಉತ್ತರ ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನೇ ಹೇಳಬೇಕು ಅಂತ ಗಂಟಲು ಸರಿಮಾಡಿಕೊಂಡು ಬಾಯಿ ತೆರೆದರು.

“ಎಷ್ಟ್ ಗಂಟೆಗೆ ಬರ್ಲಿ?” ಅಂದರು.